ಕೊಪಣದ ಯಾತ್ರಿಕರಿಗೆ ಸೋಸಿದ ನೀರು

ಕೊಪ್ಪಳ ಎಂದರೆ ಗವಿಸಿದ್ಧೇಶ್ವರ ಜಾತ್ರೆ ಎನ್ನುವವರೇ ಬಹಳ. ಇದೇ ಊರು ಜೈನರ ಕೊಪಣ ಮಹಾತೀರ್ಥವಾಗಿತ್ತು ಎಂದು ನೆನೆದು ಬರುವವರು ಕಡಿಮೆ. ಹೊಯ್ಸಳ ದಂಡನಾಯಕ ಗಂಗರಾಜ ಬಸದಿಗಳ ಜೀರ್ಣೋದ್ಧಾರ ಮಾಡಿಸಿ ಗಂಗವಾಡಿ ತೊಂಬತ್ತಾರು ಸಾವಿರ ಎಂಬ ನಾಡನ್ನು ಕೊಪಣದಂತೆ ಬೆಳಗಿಸಿದ ಎಂದು ಶಾಸನ ಹೊಗಳುತ್ತದೆ. ಹೊಗಳಿಕೆಗೆ ಅಳತೆಗೋಲಾಗಿದ್ದ ಊರು ಇದು. ಎರಂಬರಗೆಯ (ಇಂದಿನ ಯಲಬುರ್ಗಾ) ಶ್ರಾವಕನೊಬ್ಬ, ಅಂದರೆ ಜೈನ ಗೃಹಸ್ಥ, ಸಿದ್ಧಚಕ್ರ, ಶ್ರುತಪಂಚಮಿ ಎಂಬ ನೋಂಪಿಗಳನ್ನು (ವ್ರತಗಳನ್ನು) ಮುಗಿಸಿ ಮಾಡಿಸಿದ, ಅರ್ಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಪಂಚಪರಮೇಷ್ಠಿಗಳ ಬಿಂಬ ಈಗ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹದಲ್ಲಿದೆ. ನೋಂಪಿಯ ಬಿಂಬ ನೋಂಪಿಯ ನೆಲದಲ್ಲಿಲ್ಲವೆಂಬ ಸಂಕಟ ಇಲ್ಲಿನ ಭಕ್ತರಿಗೆ ಇದ್ದೇ ಇದೆ.

ಪಾಲ್ಕಿಗುಂಡಿನ ಬೆಟ್ಟವನ್ನು ಬೆಳಿಗ್ಗೆಯೇ ಹತ್ತಬೇಕು. ಹೊತ್ತೇರಿದರೆ ಬರಿಗಾಲಿಗೆ ಬಂಡೆ ಸುಡುತ್ತದೆ. ಅಶೋಕನ ಶಾಸನವಿರುವ ಈ ಬೆಟ್ಟದಲ್ಲೇ ವರಾಂಗಚರಿತವೆಂಬ ಜೈನ ಕಾವ್ಯದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಕೆತ್ತಿದ ಪಾದಗಳಿವೆ. ಚಾವಯ್ಯ ಮಾಡಿಸಿದ್ದು ಎಂದು ಹಳಗನ್ನಡದ ಚಿಕ್ಕ ಬರಹ ಹೇಳುತ್ತದೆ. ಕೈಮುಗಿದರೆ ಸಾಕು, ಎಣ್ಣೆ, ಕುಂಕುಮ ಮೆತ್ತಿದರೆ ಅಕ್ಷರ ಮುಚ್ಚಿಹೋಗುತ್ತವೆ.

ಬಸದಿಗೆ ಹೋಗುವಾಗ ಚರ್ಮದ ಬೆಲ್ಟು, ಪಾಕೀಟು ಹೊರಗೆ ಬಿಡಿ. ಬಾಗಿಲಲ್ಲಿ ಮೂರು ಸಲ ‘ನಿಸ್ಸಹಿ’ ಎಂದು, ಮೂರು ಪ್ರದಕ್ಷಿಣೆ ಬಂದು, ಪಂಚಪರಮೇಷ್ಠಿಗಳಿಗೆ ಅಕ್ಷತೆಯ ಐದು ಪುಂಜ ಇಡುತ್ತಾರೆ. ಅಭಿಷೇಕದ ಗಂಧೋದಕವನ್ನು ಬೆರಳ ತುದಿಯಿಂದ ಹಣೆಗೆ, ಕಣ್ಣಿಗೆ ಹಚ್ಚಿಕೊಳ್ಳಬೇಕು, ಕುಡಿಯುವಂತಿಲ್ಲ. ಬೇರೆ ಗುಡಿಗಳ ರೂಢಿಯಲ್ಲಿ ಪ್ರಸಾದಕ್ಕೆ ಕೈಯೊಡ್ಡಿ ಹಲವರು ಪೇಚಾಡುತ್ತಾರೆ. ಜಿನನಿಗೆ ಅರ್ಪಿಸಿದ್ದು ನಿರ್ಮಾಲ್ಯ, ಅದನ್ನು ಮರಳಿ ತಿನ್ನುವಂತಿಲ್ಲ.

ತಿನ್ನಿಸುವ ಪ್ರೀತಿಯೆಲ್ಲ ಶ್ರಾವಕರ ಮನೆಯಲ್ಲಿ. ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಕೊನೆಯದು ಅತಿಥಿಸಂವಿಭಾಗ, ಅಂದರೆ ಅತಿಥಿಗೆ ಊಟದಲ್ಲಿ ಪಾಲು ಕೊಡುವುದು. ಮುನಿಗಳಿಗೆಂದು ಹುಟ್ಟಿದ ಆ ವ್ರತದ ನೆರಳಲ್ಲೇ ದಾರಿಹೋಕನಿಗೂ ತಾಟು ಇಡುತ್ತಾರೆ. ಆ ಮನೆಯಲ್ಲಿ ಮೊದಲು ನೋಡಬೇಕಾದ್ದು ನೀರು ಸೋಸುವ ಬಟ್ಟೆ. ಹಳೆಯ ಲೆಕ್ಕದಲ್ಲಿ 36 ಅಂಗುಲ ಉದ್ದ, 24 ಅಂಗುಲ ಅಗಲ. ದಪ್ಪ ಹತ್ತಿಯದು, ಉಟ್ಟು ಬಿಟ್ಟದ್ದಲ್ಲ. ಎರಡು ಪದರ ಮಾಡಿ ಕೊಡದ ಬಾಯಿಗೆ ಸಡಿಲವಾಗಿ ಇಳಿಬಿಟ್ಟು ನಿಧಾನ ಸುರಿಯುತ್ತಾರೆ. ರಭಸದಿಂದ ಸುರಿದರೆ ಅಂಚಿನಿಂದ ಸೋಸದ ನೀರು ಒಳಗಿಳಿದು ಇಡೀ ಕೊಡ ಕೆಟ್ಟಂತೆ. ಸೋಸಿದ ಮೇಲೆ ಬಟ್ಟೆಯನ್ನು ಹಿಂಡಬಾರದು, ಹಿಂಡಿದರೆ ಉಳಿದ ಜೀವ ಸಾಯುತ್ತದೆ. ಅದನ್ನು ಮಗುಚಿ, ಸೋಸಿದ ನೀರನ್ನೇ ಮೇಲೆ ಹಾಕಿ, ಇಳಿದದ್ದನ್ನು ಬೇರೆ ಪಾತ್ರೆಯಲ್ಲಿ ಹಿಡಿಯುತ್ತಾರೆ. ಅದು ಜೀವಾಣಿ. ಬಂದ ಬಾವಿಗೇ ಅದು ಹೋಗಬೇಕು, ಅದೂ ಮೇಲಿನಿಂದ ಎಸೆದಲ್ಲ, ತಳಕ್ಕೆ ಕೊಂಡಿ ಇರುವ ಬಕೀಟಿನಲ್ಲಿ ನೀರಿನ ಮಟ್ಟದವರೆಗೆ ಇಳಿಸಿ ಬಗ್ಗಿಸಿ. ಸೋಸಿದ ನೀರಿನ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಆಮೇಲೆ ಮತ್ತೆ ಸೋಸಬೇಕು. ಚೆನ್ನಾಗಿ ಕುದಿಸಿದರೆ 24 ಗಂಟೆ.

ಈ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಬಟ್ಟೆ ಅದನ್ನು ತಡೆಯದು; ಫಿಲ್ಟರ್ ಇರುವಾಗ ಬಟ್ಟೆ ಏಕೆಂದು ಕೇಳುವ ಹುಡುಗರಿದ್ದಾರೆ. ಕುಡಿಯುವವನ ಆರೋಗ್ಯಕ್ಕೆ ಫಿಲ್ಟರ್ ಇರಲಿ. ಬಟ್ಟೆ ಇರುವುದು ನೀರಿನೊಳಗಿನ ಜೀವಕ್ಕೆ. ಬಾವಿ ಮುಚ್ಚಿಸಿ ಬಾಟಲಿ ತರಿಸಿದ ಮನೆಯಲ್ಲಿ ಜೀವಾಣಿಯನ್ನು ಒಯ್ಯಲು ಜಾಗವೇ ಉಳಿದಿಲ್ಲ, ಇದು ನೋವಿನ ಮಾತು.

ಊಟ ನಮ್ಮ ಭಾಗದ್ದೇ: ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಬೆಳ್ಳುಳ್ಳಿಯ ಜಾಗದಲ್ಲಿ ಜೀರಿಗೆ, ಇಂಗು. ಉಳ್ಳಾಗಡ್ಡಿ, ಆಲೂಗಡ್ಡೆ, ಗಜ್ಜರಿ, ಮೂಲಂಗಿ ಇಲ್ಲ. ಬಹುಬೀಜವೆಂದು ಎಣ್ಣೆಗಾಯಿಯ ಬದನೆಯನ್ನೂ ಹಲವರು ಬಿಡುತ್ತಾರೆ. ಅಷ್ಟಮಿ, ಚತುರ್ದಶಿಗೆ ಹಸಿರು ಕಾಯಿಪಲ್ಯವಿಲ್ಲ, ಕಾಳಿನದೇ ಅಡುಗೆ. ಹಿಟ್ಟಿಗೂ ಅವಧಿ ಇದೆ: ಮಳೆಗಾಲಕ್ಕೆ 3 ದಿನ, ಬೇಸಿಗೆಗೆ 5, ಚಳಿಗಾಲಕ್ಕೆ 7. ಅತಿಥಿಗಳು ಎಡವುವುದು ಮೊಸರಲ್ಲಿ. ಪುಟಾಣಿ ಚಟ್ನಿಪುಡಿಗೆ ಗಟ್ಟಿ ಮೊಸರು ಕಲಸುವುದು ನಮ್ಮ ಕೈಗೆ ಬಂದ ರೂಢಿ, ವ್ರತಿಗಳಿಗೆ ಅದು ದ್ವಿದಳ ದೋಷ, ಅಂದರೆ ಬೇಳೆಕಾಳಿಗೆ ಮೊಸರು ಬೆರೆತ ತಪ್ಪು. ಕಾಳು ಬೇಳೆ ಇಲ್ಲದ ಗುರೆಳ್ಳು ಚಟ್ನಿಗೆ ಕಲಸಿಕೊಳ್ಳಿ. ಬೇಕಾದಷ್ಟೇ ಬಡಿಸಿಕೊಂಡು ತಾಟು ಖಾಲಿ ಮಾಡಿ; ಎಂಜಲು ಉಳಿದರೆ ಮುಹೂರ್ತದೊಳಗೆ ಅದರಲ್ಲಿ ಜೀವೋತ್ಪತ್ತಿ ಎಂಬುದು ಅವರ ನಂಬಿಕೆ.

ಎಲ್ಲಕ್ಕಿಂತ ಹೊತ್ತು ಮುಖ್ಯ, ಹೊತ್ತು ಮುಳುಗಿದ ಮೇಲೆ ಆ ಮನೆಗಳಲ್ಲಿ ಊಟವಿಲ್ಲ. ಚಳಿಗಾಲದಲ್ಲಿ ಕೊಪ್ಪಳದಲ್ಲಿ 6ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಟ್ಟುನಿಟ್ಟಿನವರು ಅದಕ್ಕೂ 48 ನಿಮಿಷ ಮೊದಲೇ ಕೈತೊಳೆಯುತ್ತಾರೆ. ಹಾಗಾಗಿ 5 ಗಂಟೆಗೆಲ್ಲ ಊಟ ಮುಗಿಯುವಂತೆ ಬನ್ನಿ. ಹಂಪಿಯಲ್ಲಿ 1385ರ ಗಾಣಗಿತ್ತಿ ಬಸದಿ ನೋಡಿಕೊಂಡು ಬರುವವರು ಅಲ್ಲೇ ಸಂಜೆ ಮಾಡಿ, ದೀಪ ಹಚ್ಚಿದ ಮೇಲೆ ಮನೆಬಾಗಿಲು ತಟ್ಟುತ್ತಾರೆ. ಹಸಿದವನನ್ನು ಕಳಿಸಲೂ ಆಗದೆ, ಒಲೆ ಹಚ್ಚಲೂ ಆಗದೆ ಆ ಮನೆಯ ತಾಯಿ ಪಡುವ ಪಾಡು ದೊಡ್ಡದು. ತಡವಾದರೆ ಹೊರಗೆ ಉಂಡು ಬಂದು, ಮಲಗಲು ಜಾಗ ಮಾತ್ರ ಕೇಳಿ. ಬೆಳಿಗ್ಗೆ ಸೂರ್ಯೋದಯವಾಗಿ ಒಂದು ಮುಹೂರ್ತ ಕಳೆದ ಮೇಲೆ ಆ ತಾಯಿಯೇ ಕರೆದು, ಉಳ್ಳಾಗಡ್ಡಿ ಇಲ್ಲದ ಮಂಡಕ್ಕಿ ಒಗ್ಗರಣೆ ಕೊಟ್ಟು, ದಾರಿಗೆ ಕುದಿಸಿ ಆರಿಸಿದ ನೀರು ತುಂಬಿಸುತ್ತಾರೆ.