ಅತ್ತೆ ಮನೆ ಕೇಸರಿ

ನಮ್ಮ ಆಯಿ ಡೇರೆ ಹೂವಿನ (ಡಾಲಿಯಾ) ಗಡ್ಡೆಗಳನ್ನು ಬೂದಿ ಬೆರೆಸಿದ ಮರಳಿನಲ್ಲಿ ಹುಗಿದು ಅಟ್ಟದ ಮೂಲೆಯಲ್ಲಿ ಇಡುತ್ತಿದ್ದಳು. ರೋಹಿಣಿ ಮಳೆ ಹೊತ್ತಿಗೆ ಕೆಳಗಿಳಿಸಿ, ಒಂದೊಂದನ್ನೇ ಬೆಳಕಿಗೆ ಹಿಡಿದು ಕಣ್ಣು ಹುಡುಕುತ್ತಿದ್ದಳು. ಗಡ್ಡೆ ಎಷ್ಟೇ ದಪ್ಪಗಿರಲಿ, ಹಳೇ ದಂಟಿನ ಬುಡದಲ್ಲಿ ಕಣ್ಣಿಲ್ಲದಿದ್ದರೆ ಚಿಗುರುವುದಿಲ್ಲ. ನಾನು ಇದನ್ನು ಅಕ್ಷರ ಕಲಿಯುವ ಮೊದಲೇ ಕಲಿತೆ.

ಶಿರಸಿ ಹತ್ತಿರದ ಹಳ್ಳಿ ನಮ್ಮದು. ನಮ್ಮನೆ, ದೊಡ್ಡಪ್ಪನ ಮನೆ, ತೋಟದಾಚೆ ಅತ್ತೆ ಮನೆ. ಈ ಮೂರು ಹಿತ್ತಿಲುಗಳಲ್ಲಿ ಬೆಳೆದವಳು ನಾನು. ಗಡ್ಡೆ ಯಾವ ಊರಿಂದ, ಯಾರ ಮನೆಯಿಂದ ಬಂತೋ ಹೂವಿಗೆ ಅದೇ ಹೆಸರು. ಮತ್ತಿಘಟ್ಟದ ಬಿಳಿ, ಅತ್ತೆ ಮನೆ ಕೇಸರಿ, ಹೀಗೆ. ದುಡ್ಡು ಕೊಟ್ಟು ತಂದದ್ದು ಒಂದೂ ಇರಲಿಲ್ಲ. ಡೇರೆ ಮೆಕ್ಸಿಕೊದಿಂದ ಬಂದ ಹೂವು, 1963ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ಹೂವು ಮಾಡಿಕೊಂಡಿತು ಎಂದು ನಾನು ಓದಿ ಹೇಳಿದರೆ ಆಯಿ ನಂಬಲೇ ಇಲ್ಲ.

ಕಾರವಾರದ ಕೆಲಸ ಬಿಟ್ಟು ಬಂದು ಹೂವು ಮಾರುತ್ತೇನೆ ಅಂದಾಗ ಅವಳಿಗೆ ನೋವಾಯಿತು. ಕೊಟ್ಟು ತಗೊಳ್ಳುವುದಕ್ಕೆ ರೇಟು ಹಾಕುವುದು ಹೇಗೆ? ಅವಳು ಕೇಳಿದ್ದು ಸರಿಯೇ. ಆದರೆ ಪೇಟೆಗೆ ಸೇವಂತಿಗೆ ಘಟ್ಟದಾಚೆಯಿಂದ ಲಾರಿಯಲ್ಲಿ ಬರುವಾಗ, ನಮ್ಮ ಡೇರೆ ಮಳೆಯಲ್ಲಿ ಸುಮ್ನೆ ಕೊಳೆಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಮೊದಲ ಆರ್ಡರ್ ಬಂದದ್ದು ಚೌತಿ ಮಂಟಪಕ್ಕೆ. 80 ಹೂವು. ಹಿಂದಿನ ಸಂಜೆ, ಗುಲಾಬಿಯನ್ನು ಕೊಯ್ಯುವ ಹಾಗೆ ಅರ್ಧ ಬಿರಿದದ್ದನ್ನೇ ಆರಿಸಿ ಕೊಯ್ದೆ. ಬೆಳಗಾಗುವುದರೊಳಗೆ ಅರಳುತ್ತವೆ ಅಂದುಕೊಂಡಿದ್ದೆ. ಬೆಳಗಿನ ಜಾವ ಎದ್ದು ಬಕೆಟ್ ನೋಡಿದರೆ ಒಂದೂ ಅರಳಿರಲಿಲ್ಲ. ಎದೆ ಧಸಕ್ಕೆಂದಿತು.

ಆಯಿ ಬ್ಯಾಟರಿ ಹಿಡಿದು ಹಿಂದೆ ಬಂದು ನಿಂತಿದ್ದಳು. "ಡೇರೆ ಕೊಯ್ದ ಮೇಲೆ ಅರಳ್ತಿಲ್ಲೆ ಕೂಸೆ. ಗಿಡದಲ್ಲೇ ಅರಳಬೇಕು" ಅಂದಳು. ಬೈಯಲಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಗೆ ಇಳಿದಳು.

ಅವಳು ಕೊಯ್ಯುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅವತ್ತೇ. ಪ್ರತಿ ಹೂವಿನ ಬೆನ್ನಿಗೆ ಬೆರಳು ಸವರುತ್ತಿದ್ದಳು. ಹಿಂದಿನ ಎಸಳು ಗಟ್ಟಿ ಇದ್ದರೆ ಕತ್ತರಿ, ಮೆತ್ತಗಾಗಿದ್ದರೆ ಬಿಟ್ಟು ಮುಂದಿನ ಗಿಡ. ಕೊಯ್ದದ್ದನ್ನು ತಲೆಕೆಳಗೆ ಮಾಡಿ ನಿಧಾನಕ್ಕೆ ಕೊಡವಿ ನೀರು ಇಳಿಸುತ್ತಿದ್ದಳು. ನೀರು ಕುಡಿದ ಡೇರೆಯ ತಲೆ ಭಾರ, ದಂಟು ಮುರಿಯುತ್ತದೆ ನೋಡಿ. ನಮ್ಮ ಹಿತ್ತಿಲಲ್ಲಿ 45 ಆಯಿತು. ಮತ್ತೆ ಅವಳೇ ದೊಡ್ಡಪ್ಪನ ಮನೆ, ಅತ್ತೆ ಮನೆ ತಿರುಗಿದಳು. ಕೊನೆಗೆ ಆದದ್ದು 73. ಮಂಟಪದವರು ಅಷ್ಟನ್ನೂ ಖುಷಿಯಿಂದಲೇ ತಗೊಂಡರು.

ಸಂಜೆ ಅತ್ತೆಗೆ ಅವಳ ಹೂವಿನ ದುಡ್ಡು ಕೊಡಲು ಹೋದೆ. ಮುಟ್ಟಲಿಲ್ಲ. ನಮ್ಮ ಕಡುನೇರಳೆಯ ಒಂದು ಗಡ್ಡೆ ಕೇಳಿದಳು, ಅಷ್ಟೇ.

ಈಗ ಅಕ್ಕಪಕ್ಕದ ಮನೆಗಳಿಂದ ಹೂವು ತಗೊಂಡರೆ ದುಡ್ಡು ಕೊಟ್ಟೇ ಕೊಡುತ್ತೇನೆ. ಗಡ್ಡೆಯನ್ನೂ ಮಾರುತ್ತೇನೆ. ಆದರೆ ಪ್ರತಿ ಗಡ್ಡೆಗೂ ಅದು ಬಂದ ಮನೆಯ ಹೆಸರಿನ ಚೀಟಿ ಕಟ್ಟಬೇಕು. ಇದು ಆಯಿಯ ಷರತ್ತು. ಕಳೆದ ಮಳೆಗಾಲ ಯಲ್ಲಾಪುರದ ಹೆಂಗಸೊಬ್ಬರು ಮನೆ ಹುಡುಕಿಕೊಂಡು ಬಂದರು. "ನಿಮ್ಮ ಅತ್ತೆ ಮನೆ ಕೇಸರಿ ನಮ್ಮಲ್ಲಿ ತಟ್ಟೆಯಷ್ಟು ಅಗಲ ಬಿಟ್ಟಿತ್ತು" ಅಂತ ಹೇಳಿ, ಚೀಲದಿಂದ ತಮ್ಮದೊಂದು ಗಡ್ಡೆ ತೆಗೆದು ಕೊಟ್ಟರು. ಆಯಿ ಅದರ ಕಣ್ಣು ನೋಡಿ, ಚೀಟಿ ತರಿಸಿ, "ಯಲ್ಲಾಪುರದ ಹಳದಿ" ಎಂದು ಬರೆದಳು.