‘ಸ್ವಂತ ನಾಟಕ ಯಾವಾಗ ಬರೀತೀರಿ?’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಳಗಾವಿಯಲ್ಲಿ ನಾನು ಬರೆದ ನಾಟಕ ಯಾವುದೇ ಆಡಲಿ, ಮುಗಿದ ಮೇಲೆ ಒಬ್ಬರಾದರೂ ಹತ್ತಿರ ಬಂದು ಕೇಳುತ್ತಾರೆ: ‘ಅಕ್ಕಾರ, ಭಾಳ ಚಲೋ ಆತು. ಇದು ನಿಮ್ಮ ಸ್ವಂತದ್ದೋ, ಯಾರದರೆ ಕಾದಂಬರಿದೋ?’ ಕಾದಂಬರಿಯದು ಅಂದರೆ ಅವರ ಉತ್ಸಾಹ ತುಸು ಇಳಿಯುತ್ತದೆ. ‘ಹಂಗಾರ ಸ್ವಂತ ನಾಟಕ ಯಾವಾಗ ಬರೀತೀರಿ?’ ಕೇಳುವವರಲ್ಲಿ ಹಿರಿಯರಿದ್ದಾರೆ, ಕಾಲೇಜಿನ ಹುಡುಗರಿದ್ದಾರೆ, ನಮ್ಮದೇ ತಂಡದ ನಟರಿದ್ದಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಎಲ್ಲಿಂದ ಬಂತು ಅನ್ನುವುದರ ಮೇಲೆ ನಾಟಕ ಯಾರದು ಅಂತ ತೀರ್ಮಾನ ಆಗುವುದಿಲ್ಲ. ರಂಗದ ಮೇಲೆ ಯಾರು, ಯಾರೆದುರು, ಯಾವ ಗಳಿಗೆಯಲ್ಲಿ ಬಾಯಿ ಬಿಡಬೇಕು, ಯಾವಾಗ ಸುಮ್ಮನಿರಬೇಕು ಅನ್ನುವುದನ್ನು ಕಂಡುಕೊಂಡವರದು ನಾಟಕ. ನಾನು ನಂಬಿರುವುದು ಇಷ್ಟು.

ನಮ್ಮ ಜಿಲ್ಲೆಯನ್ನೇ ನೋಡಿ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಅವರು ಹೆಸರು ಮಾಡಿದ್ದು ಕಾಳಿದಾಸನ ಶಾಕುಂತಲವನ್ನು ಹಾಡಿನ ನಾಟಕ ಮಾಡಿ. ಎರಡು ವರ್ಷಕ್ಕೆ ಬಂದ ‘ಸೌಭದ್ರ’ ಅವರ ಸ್ವಂತದ್ದು ಅನ್ನುತ್ತಾರೆ. ಆದರೆ ಸುಭದ್ರೆ, ಅರ್ಜುನ, ಸನ್ಯಾಸಿಯ ವೇಷ ಎಲ್ಲ ಮಹಾಭಾರತ, ಭಾಗವತದ್ದೇ. ಇತ್ತ ಕುಲಗೋಡ ತಮ್ಮಣ್ಣ, ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಕೈಗೆತ್ತಿಕೊಂಡು ಈ ಭಾಗದ ಆಟವಾಗಿಸಿದ. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಮುಟ್ಟಿಸಿದಳು. ನಾರದ ತಂದ ಹೂವು ರುಕ್ಮಿಣಿಯ ಪಾಲಾಯಿತು, ಸತ್ಯಭಾಮೆ ಮುನಿಸಿಕೊಂಡಳು ಅನ್ನುವುದು ಯಾರಿಗೆ ಗೊತ್ತಿರಲಿಲ್ಲ? ಆದರೂ ಜನ ಬೆಳಕು ಹರಿಯುವ ತನಕ ಕೂತು ನೋಡಿದರು. ಕಥೆ ನಡೆಸುವ ಭಾಗವತನೂ ದೂತಿಯೂ ಮಾತಿಗೆ ನಿಂತರೆ ದ್ವಾರಕೆ ಗೋಕಾಕ ಸೀಮೆಗೆ ಬಂದು ಇಳಿಯುತ್ತಿತ್ತು. ಹಾಗೆ ಇಳಿಸಿಕೊಂಡದ್ದೇ ನಾಟಕಕಾರನ ಕೆಲಸ.

‘ಅದು ಹಳೇ ಕಾಲದ ಮಾತು, ಈಗಿನವರು?’ ಅಂತ ಕೇಳಬಹುದು. ಘೋಡಗೇರಿಯ ಚಂದ್ರಶೇಖರ ಕಂಬಾರರನ್ನೂ ಗಿರೀಶ ಕಾರ್ನಾಡರನ್ನೂ ಅಕ್ಕಪಕ್ಕ ಇಟ್ಟು ಓದಿ. ಇಬ್ಬರೂ ಹಾವು ಮತ್ತು ಹೆಣ್ಣಿನ ಜನಪದ ಕಥೆ ಹಿಡಿದು ಬರೆದಿದ್ದಾರೆ. 1988ರ ‘ನಾಗಮಂಡಲ’ಕ್ಕೆ ಬೇಕಾದ ಕಥೆಗಳನ್ನು ಕಾರ್ನಾಡರು ಕೇಳಿದ್ದು ಜನಪದ ಕಥೆಗಳನ್ನು ಸಂಗ್ರಹಿಸಿದ ಕವಿ ಎ.ಕೆ. ರಾಮಾನುಜನ್ ಅವರಿಂದ. ಗಂಡ ಅಪ್ಪಣ್ಣ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಹೋಗುತ್ತಾನೆ, ರಾತ್ರಿ ನಾಗ ಅವನದೇ ರೂಪದಲ್ಲಿ ಬರುತ್ತಾನೆ. ಇಷ್ಟು ಕಥೆಯಲ್ಲಿತ್ತು. ಕಾರ್ನಾಡರು ಇನ್ನೊಂದು ಕಥೆಯನ್ನು ಇದಕ್ಕೆ ಹೆಣೆದರು. ಊರ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಜ್ಯೋತಿಗಳೆಲ್ಲ ಪಾಳುಗುಡಿಯಲ್ಲಿ ಸೇರಿ ಹರಟುತ್ತವೆ. ಕಥೆ ಗೊತ್ತಿದ್ದೂ ಯಾರಿಗೂ ಹೇಳದೆ ಇಟ್ಟುಕೊಂಡ ಮುದುಕಿಯಿಂದ ತಪ್ಪಿಸಿಕೊಂಡು, ಆ ಕಥೆಯೇ ಹೆಣ್ಣಾಗಿ ಬಂದು ನಿಲ್ಲುತ್ತದೆ; ಹಾಡು ಅವಳು ಉಟ್ಟ ಸೀರೆ. ನಿದ್ದೆ ಮಾಡಿದರೆ ಸಾಯುವ ಶಾಪ ಹೊತ್ತ ನಾಟಕಕಾರ ಅದೇ ಗುಡಿಯಲ್ಲಿ ಕೂತು ಅವಳ ಮಾತು ಕೇಳಲೇಬೇಕು. ಎರಡು ಕಥೆಗಳೂ ಅಜ್ಜಿಯರವು. ಅವನ್ನು ಒಂದೇ ರಾತ್ರಿಯೊಳಗೆ ಕೂರಿಸಿದ್ದು ಕಾರ್ನಾಡರು.

ಕಂಬಾರರ ‘ಸಿರಿಸಂಪಿಗೆ’ಯ ದಾರಿಯೇ ಬೇರೆ. ಅಲ್ಲಿ ರಾಜಕುಮಾರ ತನ್ನನ್ನೇ ಎರಡಾಗಿ ಸೀಳಿಸಿಕೊಳ್ಳುತ್ತಾನೆ, ಒಂದು ಪಾಲು ಸರ್ಪವಾಗಿ ಹೊರಬರುತ್ತದೆ. ಗಂಡು ತನ್ನ ದೇಹಕ್ಕೇ ಹೆದರಿದರೆ ಏನಾಗುತ್ತದೆ ಅನ್ನುವುದು ಅವರ ಚಿಂತೆ. ಕಾರ್ನಾಡರ ಚಿಂತೆ ಬೀಗ ಹಾಕಿದ ಮನೆಯೊಳಗಿನ ಹೆಣ್ಣಿನದು. 1991ರಲ್ಲಿ ‘ಸಿರಿಸಂಪಿಗೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದು ಸ್ವಂತದ್ದಲ್ಲ ಅಂತ ಯಾರೂ ತಕರಾರು ತೆಗೆಯಲಿಲ್ಲ. ಜನಪದ ಕಥೆಯಿಂದ ಬಂದರೆ ಸ್ವಂತದ್ದು, ಅಚ್ಚಾದ ಕಾದಂಬರಿಯಿಂದ ಬಂದರೆ ಎರವಲು ಅನ್ನುವ ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಕಾದಂಬರಿಯನ್ನು ರಂಗಕ್ಕೆ ತರುವಾಗ ಏನು ಕೆಲಸ ಇರುತ್ತದೆ ಅನ್ನುವುದಕ್ಕೆ ನನ್ನದೇ ಒಂದು ದೃಶ್ಯ ಹೇಳುತ್ತೇನೆ. ನಾವು ಎತ್ತಿಕೊಂಡ ಹಳೆಯ ಕಾದಂಬರಿಯೊಂದರಲ್ಲಿ ಗಂಡ ಹೆಂಡತಿಗೆ ಒಂದು ಮಾತೂ ಹೇಳದೆ ಹೊಲ ಮಾರಲು ನಿಶ್ಚಯಿಸುತ್ತಾನೆ. ಅವಳ ಸಂಕಟಕ್ಕೆ ಲೇಖಕರು ಪುಟಗಟ್ಟಲೆ ಬರೆದಿದ್ದಾರೆ, ಸೊಗಸಾಗಿ ಬರೆದಿದ್ದಾರೆ. ಆದರೆ ಅದೆಲ್ಲ ಅವಳ ತಲೆಯೊಳಗೇ ನಡೆಯುತ್ತದೆ, ಬಾಯಿಂದ ಒಂದು ಶಬ್ದ ಹೊರಡುವುದಿಲ್ಲ. ಅದನ್ನು ಸ್ವಗತ ಮಾಡಿ ಅವಳ ಬಾಯಿಗೆ ಹಾಕಿದರೆ ಅವಳು ಅವಳಾಗಿ ಉಳಿಯುವುದಿಲ್ಲ; ಅಷ್ಟು ಮಾತು ಬರುವವಳಾಗಿದ್ದರೆ ಗಂಡನ ಎದುರೇ ಆಡುತ್ತಿದ್ದಳು. ಅದಕ್ಕೆ ಅವಳ ಕೈಗೆ ಕಾಳು ಕೇರುವ ಮರ ಕೊಟ್ಟೆ, ಮರದ ತುಂಬ ಜೋಳ ಕೊಟ್ಟೆ. ಪಡಸಾಲೆಯಲ್ಲಿ ಗಂಡಸರು ಕೂತು ವ್ಯವಹಾರ ಮಾತಾಡುತ್ತಾರೆ, ಈ ಬದಿಗೆ ಅವಳು ಜೋಳ ಕೇರುತ್ತಾಳೆ. ರೊಕ್ಕದ ಮಾತು ಬಂದ ಕೂಡಲೇ ಕೇರುವ ಸದ್ದು ನಿಲ್ಲುತ್ತದೆ. ಗಂಡ ತಿರುಗಿ ನೋಡಿ ‘ಏನಾತು?’ ಅನ್ನುತ್ತಾನೆ. ‘ಏನಿಲ್ಲ, ಈ ಸಲ ಕಲ್ಲ ಭಾಳ ಅದಾವು’ ಅನ್ನುತ್ತಾಳೆ. ಮತ್ತೆ ಕೇರಲು ಶುರು ಮಾಡುತ್ತಾಳೆ, ಮೊದಲಿಗಿಂತ ಜೋರಾಗಿ. ಇಷ್ಟೇ ದೃಶ್ಯ. ಈ ಮಾತು ಕಾದಂಬರಿಯಲ್ಲಿಲ್ಲ, ಮರವೂ ಇಲ್ಲ. ಆದರೆ ಆ ಪುಟಗಳನ್ನು ಓದಿ ಎದೆಗೆ ಹಚ್ಚಿಕೊಳ್ಳದೆ ಇದು ನನಗೆ ಹೊಳೆಯುತ್ತಲೂ ಇರಲಿಲ್ಲ.

ಬಿಡುವುದೂ ಅಷ್ಟೇ ದೊಡ್ಡ ಕೆಲಸ. ಕಾದಂಬರಿಯ ಇಬ್ಬರು ಕಾಕಾಗಳನ್ನು ಸೇರಿಸಿ ಒಬ್ಬನನ್ನಾಗಿ ಮಾಡಿದ್ದಕ್ಕೆ ಓದಿಕೊಂಡಿದ್ದ ಹಿರಿಯರೊಬ್ಬರು ‘ಆ ಸಣ್ಣ ಕಾಕಾ ಎಲ್ಲಿ ಹ್ವಾದವಾ?’ ಅಂತ ನನ್ನನ್ನು ತಡೆದು ಕೇಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಎರಡೂವರೆ ತಾಸಿನಲ್ಲಿ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ ಅನ್ನುವುದಷ್ಟೇ ನನ್ನ ಸಮಾಧಾನ.

ಹೆಚ್ಚೇನೂ ಬಿಡದೆ ಕಟ್ಟುವ ದಾರಿಯೂ ಇದೆ. 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇಡೀ ರಾತ್ರಿ ಆಡಿತು. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯುತ್ತಿದ್ದರು. ರಂಗರೂಪ ಕೆ.ವೈ. ನಾರಾಯಣಸ್ವಾಮಿಯವರದು. ‘ಕಳವು’, ‘ಅನಭಿಜ್ಞ ಶಾಕುಂತಲ’ ಬರೆದವರೂ ಅವರೇ. ಅವರ ಸ್ವಂತ ನಾಟಕಗಳನ್ನು ಓದಿದವರಿಗೆ ಮದುಮಗಳು ರಂಗರೂಪದಲ್ಲೂ ಅದೇ ದನಿ ಕೇಳಿಸುತ್ತದೆ. ಕಥೆ ಮೂರು ಭಾಷೆ ದಾಟಿ ಬಂದದ್ದೂ ಉಂಟು. ಗಾಂಧೀಜಿ ಮತ್ತು ಮಗ ಹರಿಲಾಲನ ಕುರಿತ ದಿನಕರ ಜೋಶಿಯವರ ಗುಜರಾತಿ ಕಾದಂಬರಿಯಿಂದ ಅಜಿತ ದಳವಿ ಮರಾಠಿ ನಾಟಕ ಮಾಡಿದರು, ಅದನ್ನು ಬೆಳಗಾವಿಯ ಡಿ.ಎಸ್. ಚೌಗಲೆಯವರು ಕನ್ನಡಕ್ಕೆ ತಂದರು. ಅಪ್ಪ-ಮಗನ ಜಗಳ ನೋಡುತ್ತಾ ಕೂತವರಿಗೆ ಇದು ಎಷ್ಟನೆಯ ಕೈ ದಾಟಿ ಬಂತು ಅನ್ನುವ ನೆನಪೂ ಇರುವುದಿಲ್ಲ.

ಕೆಟ್ಟ ರಂಗರೂಪಗಳು ಬಹಳ ಇವೆ ಅನ್ನುವುದನ್ನೂ ಹೇಳಬೇಕು. ದೊಡ್ಡ ಲೇಖಕರ ಹೆಸರು ಹಾಕಿದರೆ ಜನ ಬರುತ್ತಾರೆ ಅಂತ ಎತ್ತಿಕೊಳ್ಳುವುದು, ಮೂಲೆಯಲ್ಲಿ ನಿರೂಪಕನನ್ನು ನಿಲ್ಲಿಸಿ ಪುಟ ಓದಿಸುವುದು, ನಡುನಡುವೆ ನಟರು ಬಂದು ಓದಿದ್ದನ್ನೇ ಆಡಿ ತೋರಿಸುವುದು. ಇಂಥವನ್ನು ನೋಡಿ ಬೇಸತ್ತವರೇ ನನ್ನನ್ನು ‘ಸ್ವಂತದ್ದು ಬರೀರಿ’ ಅನ್ನುತ್ತಾರೆ ಅನಿಸುತ್ತದೆ. ಅವರ ಬೇಸರ ನ್ಯಾಯದ್ದೇ. ಇನ್ನೊಂದು ಮಾತನ್ನೂ ಒಪ್ಪುತ್ತೇನೆ: ಸ್ವಂತ ಕಥೆ ಕಟ್ಟುವಾಗ ಕೊನೆ ಎಲ್ಲಿ ಅಂತ ಗೊತ್ತಿಲ್ಲದ ಕತ್ತಲೆ ಇರುತ್ತದೆ. ಕಾದಂಬರಿ ಕೈಯಲ್ಲಿದ್ದರೆ ಆ ಕತ್ತಲೆ ಇಲ್ಲ. ಆ ಮಟ್ಟಿಗೆ ರಂಗರೂಪ ಸುಲಭ.

ಕಾದಂಬರಿಯನ್ನು ರಂಗಕ್ಕೆ ಎತ್ತಿಕೊಳ್ಳಬೇಕು ಅನ್ನುವ ಹುಡುಗರು ಮೊದಲು ಹಕ್ಕಿನ ವಿಚಾರ ತಿಳಿದುಕೊಳ್ಳಿ. ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷದ ತನಕ ಹಕ್ಕು ಅವರ ವಾರಸುದಾರರದು. ಅವರ ಒಪ್ಪಿಗೆ ಕಾಗದದ ಮೇಲೆ ಇರಲಿ, ಗೌರವಧನ ಮೊದಲೇ ಮಾತಾಗಲಿ. ಪೋಸ್ಟರಿನಲ್ಲಿ ಮೂಲ ಲೇಖಕರ ಹೆಸರು ನಿಮ್ಮ ಹೆಸರಿಗಿಂತ ಸಣ್ಣದಾಗಬಾರದು. ಹಾಗೆ ಒಪ್ಪಿಗೆ ಪಡೆದು ನೀವು ಬರೆದ ರಂಗಪಠ್ಯದ ಮೇಲೆ ಕಾನೂನು ನಿಮಗೂ ಹಕ್ಕು ಕೊಡುತ್ತದೆ.

ಇನ್ನು ನನ್ನ ‘ಸ್ವಂತ’ ನಾಟಕ. ಅದನ್ನು ಬರೆಯುತ್ತಿದ್ದೇನೆ. ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳಿಗೆ ನುಗ್ಗಿದಾಗ ನವನಗರಕ್ಕೆ ಎದ್ದುಹೋದ ಮನೆಗಳ ಕಥೆ ಅದು. 519.6 ಮೀಟರ್ ಅನ್ನುವ ನೀರಿನ ಮಟ್ಟದ ಅಂಕಿ ಅಲ್ಲಿಯ ಹಿರಿಯ ಹೆಂಗಸರಿಗೆ ಬಾಯಿಪಾಠ. ಕೈಯಲ್ಲಿ ಯಾವ ಕಾದಂಬರಿಯೂ ಇಲ್ಲ. ಆದರೆ ಅರ್ಧಕ್ಕರ್ಧ ಮಾತು ಆ ಹೆಂಗಸರದು, ಕೂತು ಕೇಳಿ ಬರೆದುಕೊಂಡದ್ದು. ಕಾದಂಬರಿಯಾಗಿದ್ದರೆ ಒಬ್ಬ ವಾರಸುದಾರರಿಗೆ ಪತ್ರ ಬರೆದು ಒಪ್ಪಿಗೆ ಕೇಳುತ್ತಿದ್ದೆ. ಇಲ್ಲಿ ಮನೆಮನೆಗೆ ಹೋಗಿ ಬರೆದದ್ದನ್ನು ಓದಿ ಹೇಳುತ್ತಿದ್ದೇನೆ. ‘ಈ ಮಾತ ಇರಲಿ ಬಿಡವಾ, ನಮ್ಮ ಭಾವನ ಸುದ್ದಿ ಮಾತ್ರ ಬ್ಯಾಡ’ ಅಂದರು ಒಬ್ಬರು. ಆ ದೃಶ್ಯ ತೆಗೆದಿದ್ದೇನೆ; ಅದರ ಜಾಗಕ್ಕೆ ಏನು ಬರಬೇಕು ಅನ್ನುವುದು ಇನ್ನೂ ಹೊಳೆದಿಲ್ಲ.