ಮಂಡಿ ಭಾವನ ಜೊತೆ ಐರನ್ ಮೇಡನ್ ಹಿಂದೆ

"ಅದೇ ಹಾಡು ನಾಲ್ಕು ಸಲ ಕೇಳೋಕೆ ಏರೋಪ್ಲೇನ್ ಹತ್ತಬೇಕಾ?" ಐರನ್ ಮೇಡನ್ ಅನ್ನೋ ಇಂಗ್ಲೆಂಡಿನ ರಾಕ್ ತಂಡದ ಹಾಡು ಕೇಳೋಕೆ ಯುರೋಪಿಗೆ ಹೋಗ್ತೀನಿ ಅಂದಾಗ ಹೀಗೆ ಕೇಳಿದ್ದು ಅಕ್ಕ. ಅಮ್ಮ ಅದಕ್ಕೆ ಇನ್ನಷ್ಟು ಒಗ್ಗರಣೆ ಹಾಕಿದರು. ಅಪ್ಪ ಮಾತ್ರ ಜಗಲಿ ಮೇಲೆ ಎಲೆ ಅಡಿಕೆ ಮೆಲ್ಲುತ್ತಾ ಸುಮ್ಮನೆ ಕೂತಿದ್ದರು.

ಅವರು ಸುಮ್ಮನಿದ್ದದ್ದಕ್ಕೆ ಕಾರಣ ಇದೆ. ವಯಸ್ಸಿನಲ್ಲಿ ವೇಮಗಲ್, ನರಸಾಪುರ, ಕ್ಯಾಲನೂರು ಸುತ್ತ ಎಲ್ಲಿ ಕುರುಕ್ಷೇತ್ರ ನಾಟಕ ಆದರೂ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಆಸಾಮಿ ಅವರು. ಅದೇ ಕೃಷ್ಣ ಸಂಧಾನ, ಅದೇ ಕಂದ ಪದ್ಯ. ಬೆಳಗಿನ ಜಾವಕ್ಕೆ ಅದೇ ದುರ್ಯೋಧನ ಅದೇ ತೊಡೆ ಮುರಿಸಿಕೊಂಡು ಬೀಳುತ್ತಾನೆ. ಮುಂದಿನ ವಾರ ಇನ್ನೊಂದು ಊರಲ್ಲಿ ಅವನು ಮತ್ತೆ ಬೀಳೋದನ್ನು ನೋಡೋಕೆ ಅಪ್ಪ ಮತ್ತೆ ಸೈಕಲ್ ತೆಗೆಯುತ್ತಿದ್ದರು.

ನನ್ನ ಹುಚ್ಚು ಶುರುವಾದದ್ದು 2007ರ ಮಾರ್ಚ್ 17ರಂದು. ಬೆಂಗಳೂರು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಿತ್ತು. ಕಾಲೇಜಿಗೆ ಚಕ್ಕರ್ ಹೊಡೆದು ಕೋಲಾರದಿಂದ ಕೆಂಪು ಬಸ್ಸಿನಲ್ಲಿ ಹೋಗಿದ್ದೆ. ವಾಪಸ್ ಬಂದ ಮೇಲೆ ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು, ಗಂಟಲಲ್ಲಿ ಸ್ವರ ಇರಲಿಲ್ಲ. 2009ರ ಫೆಬ್ರವರಿಯಲ್ಲಿ ಇನ್ನೊಮ್ಮೆ ಬಂದರು, ಇನ್ನೊಮ್ಮೆ ಹೋದೆ. ಆಮೇಲೆ ಅವರು ಬೆಂಗಳೂರಿನ ಕಡೆ ತಲೆ ಹಾಕಲಿಲ್ಲ. ನಾನು ಕೆಲಸ, ಮದುವೆ, ಮನೆ ಸಾಲ ಅಂತ ಇದ್ದುಬಿಟ್ಟೆ.

ಸ್ಟೀವ್ ಹ್ಯಾರಿಸ್ ಈ ತಂಡ ಕಟ್ಟಿದ್ದು 1975ರ ಕ್ರಿಸ್‌ಮಸ್ ದಿನ, ಲಂಡನ್ನಿನಲ್ಲಿ. ಐವತ್ತು ವರ್ಷದ ನೆನಪಿಗೆ 2025ರಲ್ಲಿ ಒಂದು ದೊಡ್ಡ ಪ್ರವಾಸ, 1980ರಿಂದ 1992ರವರೆಗಿನ ಮೊದಲ ಒಂಬತ್ತು ಆಲ್ಬಂಗಳ ಹಾಡು ಮಾತ್ರ ಅಂದಾಗ ನನಗೆ ತಡೆಯಲಾಗಲಿಲ್ಲ. ಅವರಿಗೆಲ್ಲ ಅರವತ್ತರ ಮೇಲಾಗಿದೆ. ಈಗ ಬಿಟ್ಟರೆ ಇನ್ಯಾವಾಗ? ಮೇ 27 ಮತ್ತು 28 ಹಂಗೆರಿಯ ಬುಡಾಪೆಸ್ಟ್, 31 ಚೆಕ್ ದೇಶದ ಪ್ರಾಗ್, ಜೂನ್ 1 ಸ್ಲೊವಾಕಿಯಾದ ಬ್ರಾಟಿಸ್ಲಾವಾ. ಮೂರು ದೇಶ, ನಾಲ್ಕು ರಾತ್ರಿ. ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು.

ಅಕ್ಕ ಒಂದು ಷರತ್ತು ಹಾಕಿದಳು. ಒಬ್ಬನೇ ಹೋಗಕೂಡದು, ಭಾವನ್ನ ಕರ್ಕೊಂಡು ಹೋಗು. ಭಾವನದ್ದು ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ. ಬೆಳಿಗ್ಗೆಯಿಂದ ಹರಾಜು ಕೂಗಿ ಕೂಗಿ ಅವರ ಗಂಟಲು ಯಾವಾಗಲೂ ಒಡೆದೇ ಇರುತ್ತೆ. ಹಾಡು ಅಂದರೆ ಅಣ್ಣಾವ್ರು, ಮಿಕ್ಕಿದ್ದೆಲ್ಲ ಗಲಾಟೆ. ಆದರೆ ಮೇ ತಿಂಗಳಲ್ಲಿ ದರ ಬಿದ್ದಿತ್ತು. "ಇಲ್ಲಿ ಕೂತು ಹೊಟ್ಟೆ ಉರ್ಕೊಳ್ಳೋ ಬದ್ಲು ಯುರೋಪಾದ್ರೂ ನೋಡ್ಕೊಂಡು ಬರಾಣ ನಡಿ" ಅಂದರು. ವೀಸಾಕ್ಕೆ ಮಂಡಿ ಲೈಸೆನ್ಸು, ಇನ್ಕಮ್ ಟ್ಯಾಕ್ಸು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಹೊತ್ತುಕೊಂಡು ಅಲೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅಲೆದವರಿಗೆ ಗೊತ್ತು.

ಬುಡಾಪೆಸ್ಟಿನಲ್ಲಿ ಮೊದಲ ಅರ್ಧ ದಿನದಲ್ಲೇ ದಂಡ ಕಟ್ಟಿದೆವು. ತಪ್ಪು ನಮ್ಮದೇ. 1896ರಲ್ಲಿ ಶುರುವಾದ ಹಳೇ ಮೆಟ್ರೋ ಅಲ್ಲಿದೆ. ನೆಲದಿಂದ ಹತ್ತು ಇಪ್ಪತ್ತು ಮೆಟ್ಟಿಲು ಇಳಿದರೆ ಸಾಕು, ಪುಟ್ಟ ಹಳದಿ ಬೋಗಿ ಬಂದು ನಿಲ್ಲುತ್ತೆ. ಟಿಕೆಟ್ ತಗೊಂಡಿದ್ದೆವು. ಆದರೆ ಹತ್ತುವ ಮೊದಲು ಅದನ್ನು ಒಂದು ಡಬ್ಬಿಗೆ ತೂರಿಸಿ ಮುದ್ರೆ ಹಾಕಿಸಬೇಕು ಅಂತ ಗೊತ್ತಿರಲಿಲ್ಲ. ಇಳಿದಾಗ ತೋಳಿಗೆ ಪಟ್ಟಿ ಕಟ್ಟಿದ ಇಬ್ಬರು ಹಿಡಿದರು. ಭಾವ "ದುಡ್ಡು ಕೊಟ್ಟಿದ್ದೀವಲ್ರೀ, ಚೀಟಿ ಇದ್ಯಲ್ರೀ" ಅಂತ ಮಂಡಿ ಗಂಟಲಲ್ಲಿ ಶುರು ಮಾಡಿದರು. ಕನ್ನಡ ಕೇಳಲಿಲ್ಲ ಅಂತ ತೆಲುಗಿಗೆ ಇಳಿದರು. ಅದೂ ನಡೆಯಲಿಲ್ಲ. ಅವತ್ತಿನಿಂದ ಎಲ್ಲಿ ಡಬ್ಬಿ ಕಂಡರೂ ಭಾವ ಟಿಕೆಟ್ ತೂರಿಸುತ್ತಿದ್ದರು. ಪ್ರಾಗಿನಲ್ಲಿ ಒಮ್ಮೆ ಒಂದೇ ಟಿಕೆಟ್ಟಿಗೆ ಎರಡು ಸಲ ಮುದ್ರೆ ಬಿತ್ತು.

ಮರುದಿನ ಬೆಳಿಗ್ಗೆ ಡ್ಯಾನ್ಯೂಬ್ ನದಿ ದಂಡೆಯ ದೊಡ್ಡ ಮಾರುಕಟ್ಟೆಗೆ ಹೋದೆವು. 1897ರ ಕಟ್ಟಡ, ಕಬ್ಬಿಣದ ಕಂಬಗಳ ಮೇಲೆ ನಿಂತ ಎತ್ತರದ ಚಾವಣಿ, ರೈಲು ನಿಲ್ದಾಣದ ಹಾಗಿದೆ. ಕೆಂಪು ಮೆಣಸಿನಕಾಯಿ ಹಾರ ಕಟ್ಟಿ ನೇತು ಹಾಕಿದ್ದಾರೆ, ಒಳಗೆ ಕಾಲಿಟ್ಟರೆ ಖಾರದ ಪುಡಿ ವಾಸನೆ. ನಾನು ಅದನ್ನು ನೋಡುತ್ತಾ ನಿಂತೆ. ತಿರುಗಿದರೆ ಭಾವ ಇಲ್ಲ. ಟೊಮೆಟೊ ಅಂಗಡಿ ಮುಂದೆ ಇದ್ದರು.

ಒಂದು ಹಣ್ಣನ್ನು ಎತ್ತಿದರು. ತೊಟ್ಟಿನ ಕಡೆ ನೋಡಿದರು. ಹೆಬ್ಬೆಟ್ಟಿನಲ್ಲಿ ಮೆಲ್ಲಗೆ ಅದುಮಿದರು. ಕಿವಿ ಹತ್ತಿರ ತಂದರು, ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಗಡಿಯ ಅಜ್ಜಿ ಮುಖ ಗಂಟಿಕ್ಕಿ ಏನೋ ಗದರಿದಳು. "ಎರಡು ದಿನದ ಮಾಲು" ಅಂತ ಭಾವ ತೀರ್ಪು ಕೊಟ್ಟರು. ಹಂಗೆರಿಯಲ್ಲಿ ಆಗ ಒಂದು ರೂಪಾಯಿಗೆ ಹತ್ತಿರ ಹತ್ತಿರ ನಾಲ್ಕು ಫೋರಿಂಟ್. ಕಿಲೋ ದರದ ಚೀಟಿ ನೋಡಿ ನಾಲ್ಕರಿಂದ ಭಾಗಿಸಿ, ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ರೇಟ್ ಬಿದ್ದಾಗ ನಮ್ ಕಡೆ ಈ ದುಡ್ಡಿಗೆ ಹದಿನೈದು ಕೆಜಿ ಬಾಕ್ಸೇ ಬರ್ತದಲ್ಲೋ" ಅಂದರು.

ಆ ಚೀಟಿಯಲ್ಲಿ ಬರೆದದ್ದು 'ಪಾರಾದಿಚೋಮ್'. ಹಂಗೆರಿಯವರು ಟೊಮೆಟೊಗೂ ಸ್ವರ್ಗಕ್ಕೂ ಅದೊಂದೇ ಮಾತು ಹೇಳುತ್ತಾರೆ. ಭಾವನಿಗೆ ಅದನ್ನು ಹೇಳಬಾರದಿತ್ತು. ಮುಂದಿನ ಆರು ದಿನ ಸಿಕ್ಕ ಸಿಕ್ಕವರ ಹತ್ತಿರ ಟೊಮೆಟೊಗೆ ಏನಂತೀರಿ ಅಂತ ಕೇಳಿಸೋ ಕೆಲಸ ನನ್ನ ಪಾಲಿಗೆ ಬಂತು. ಪ್ರಾಗಿನಲ್ಲಿ 'ರಾಯ್ಚೆ'. ಅದರ ಬುಡದಲ್ಲೂ ಸ್ವರ್ಗವೇ. ಬ್ರಾಟಿಸ್ಲಾವಾದಲ್ಲಿ 'ಪಾರಾದಾಯ್ಕಾ', ಅಲ್ಲೂ ಸ್ವರ್ಗ. "ಇವ್ರೆಲ್ಲ ಸ್ವರ್ಗ ಅಂತಾರೆ, ನಾವು ರೋಡಿಗೆ ಸುರಿದು ಬರ್ತೀವಿ" ಅಂತ ಭಾವ ನಕ್ಕರು. ನನಗೆ ನಗು ಬರಲಿಲ್ಲ.

ಇನ್ನು ಕಚೇರಿ. ಕಚೇರಿ ಅಂದರೆ ನಗಬೇಡಿ, ನಮ್ಮ ಮನೆಯಲ್ಲಿ ಅದಕ್ಕೆ ಹಾಗೇ ಹೇಳೋದು.

ಮೊದಲ ರಾತ್ರಿ ನನಗೆ ಎದೆ ಡವಡವ ಅನ್ನಲು ಇನ್ನೊಂದು ಕಾರಣ ಇತ್ತು. ನಲವತ್ತು ವರ್ಷ ಡ್ರಮ್ ಬಾರಿಸಿದ್ದ ನಿಕೊ ಮೆಕ್‌ಬ್ರೇನ್ 2024ರ ಡಿಸೆಂಬರ್‌ನಲ್ಲಿ ಪ್ರವಾಸ ನಿಲ್ಲಿಸಿದ್ದರು. ಅದಕ್ಕೂ ಹಿಂದಿನ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆದಿತ್ತು. ಅವರ ಜಾಗಕ್ಕೆ ಬಂದ ಸೈಮನ್ ಡಾಸನ್ ಈ ತಂಡದ ಜೊತೆ ಮೊದಲ ಸಲ ಬಾರಿಸಲು ಕೂತದ್ದು ಅವತ್ತೇ, ಬುಡಾಪೆಸ್ಟಿನ ಆ ರಾತ್ರಿ. ಹೊರಡುವ ಹಿಂದಿನ ದಿನ ಇದನ್ನು ಹೇಳಿದಾಗ ಅಪ್ಪ ಮೊದಲ ಸಲ ಬಾಯಿ ಬಿಟ್ಟಿದ್ದರು. "ಹಾರ್ಮೋನಿಯಂ ಮೇಷ್ಟ್ರು ಬದಲಾದ್ರೆ ನಾಟಕಾನೇ ಬೇರೆ ಆಗೋಗ್ತದೆ. ಸರಿಯಾಗಿ ನೋಡ್ಕೊಂಡ್ ಬಾ."

ದೀಪ ಆರುವ ಮೊದಲು ಸ್ಪೀಕರಿನಲ್ಲಿ ಯುಎಫ್‌ಓ ಅನ್ನೋ ಹಳೇ ತಂಡದ ಒಂದು ಹಾಡು ಹಾಕುತ್ತಾರೆ. ಅದು ಬಂತು ಅಂದರೆ ಇವರು ಬಂದರು ಅಂತಲೇ. ಇಡೀ ಅರೀನಾ ಒಟ್ಟಿಗೆ ಎದ್ದು ಹಾಡಲು ಶುರು ಮಾಡಿತು. ನಮ್ಮ ಕಡೆ ನಾಟಕಕ್ಕೆ ಮುಂಚೆ ಗಣಪತಿ ಸ್ತುತಿ ಬಂದ ಹಾಗೆ. ಆಮೇಲೆ ಕತ್ತಲು. ಆಮೇಲೆ ಏನಾಯಿತು ಅಂತ ಬರೆಯೋಕೆ ನನಗೆ ಬರಲ್ಲ. ಹ್ಯಾರಿಸ್ ಬೆರಳಲ್ಲಿ ಬೇಸ್ ಗಿಟಾರು ಕುದುರೆ ಓಡಿದ ಹಾಗೆ ಓಡುತ್ತೆ, ಟಗ್‌ಡಗ ಟಗ್‌ಡಗ. ಅದು ಎದೆಗೂಡಿನೊಳಗೆ ಕೇಳಿಸುತ್ತೆ. ಡಾಸನ್ ಕಡೆಗೇ ಒಂದು ಕಣ್ಣಿಟ್ಟಿದ್ದೆ. ಮೂರನೇ ಹಾಡಿನ ಹೊತ್ತಿಗೆ ನೋಡೋದನ್ನೇ ಮರೆತಿದ್ದೆ.

ಈ ಸಲ ಬಟ್ಟೆ ಪರದೆ ಇಲ್ಲ, ಅದರ ಬದಲು ದೊಡ್ಡ ಎಲ್‌ಇಡಿ ಪರದೆ. ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೂ ಕೈಯಲ್ಲಿ ಬರೆದ ಆ ಹಳೇ ಪರದೆಗಳು ಅಲ್ಲಾಡುತ್ತಿದ್ದವಲ್ಲ, ಅದು ನನಗೆ ಇಷ್ಟ. ಫೋನ್ ಎತ್ತಿ ಹಿಡಿಯಬೇಡಿ, ಕಣ್ಣಲ್ಲಿ ನೋಡಿ ಅಂತ ತಂಡದವರು ಮೊದಲೇ ಕೇಳಿಕೊಂಡಿದ್ದರು. ಭಾವ ಅಕ್ಕನಿಗೆ ತೋರಿಸಲು ಅಂತ ಎತ್ತಿದರು. ಹಿಂದಿದ್ದ ಗಡ್ಡದ ಆಳು ಭುಜ ತಟ್ಟಿದ. ಬಿಯರ್ ಕುಡಿದ ಕರಡಿಯ ಹಾಗಿದ್ದ ಅವನನ್ನು ನೋಡಿ ಭಾವ ಫೋನನ್ನು ಒಳಜೇಬಿಗೆ ಹಾಕಿ ಜಿಪ್ ಎಳೆದುಕೊಂಡರು.

ಹದಿನಾಲ್ಕು ಹಾಡು ಆದ ಮೇಲೆ ತಂಡ ಒಳಗೆ ಹೋಯಿತು. ಭಾವ ಬ್ಯಾಗ್ ಹೆಗಲಿಗೆ ಹಾಕಿ "ನಡಿ, ರಶ್ ಆಗೋಕ್ ಮುಂಚೆ" ಅಂದರು. ಕೈ ಹಿಡಿದು ನಿಲ್ಲಿಸಿದೆ. ಇನ್ನೂ ಮೂರು ಇವೆ ಭಾವ. "ಮುಗಿದ್ಮೇಲೆ ಮತ್ತೆ ಯಾಕ್ ಬರ್ತಾರೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

29ರಂದು ರೈಲಿನಲ್ಲಿ ಪ್ರಾಗಿಗೆ. ಆರೂವರೆ ಏಳು ಗಂಟೆ ದಾರಿ. ಡ್ಯಾನ್ಯೂಬ್ ಪಕ್ಕದಲ್ಲೇ ರೈಲು ಓಡುತ್ತೆ. ಆಚೆ ದಡದಲ್ಲಿ ಎಸ್ತೆರ್ಗೋಮಿನ ದೊಡ್ಡ ಗುಮ್ಮಟದ ಚರ್ಚು ಕಾಣಿಸಿತು. ಅಷ್ಟು ಹೊತ್ತಿಗಾಗಲೇ ನಿಲ್ದಾಣದ ಬೋರ್ಡುಗಳ ಅಕ್ಷರದ ಮೇಲಿನ ಕೊಕ್ಕೆಗಳು ಬದಲಾಗಿದ್ದವು. ಅಷ್ಟೇ. ಅದು ಸ್ಲೊವಾಕಿಯಾ. ಆಂಧ್ರ ಗಡಿಯ ನಂಗಲಿ ಚೆಕ್‌ಪೋಸ್ಟಿನಲ್ಲಿ ಟೊಮೆಟೊ ಲಾರಿ ಜೊತೆ ಗಂಟೆಗಟ್ಟಲೆ ನಿಂತ ಮನುಷ್ಯ ನಮ್ಮ ಭಾವ. ಪಾಸ್‌ಪೋರ್ಟನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದರು. ಎರಡು ಗಡಿ ದಾಟಿದರೂ ಯಾರೂ ಕೇಳಲಿಲ್ಲ. ಪ್ರಾಗಿನಲ್ಲಿ ಇಳಿದಾಗ ಅವರಿಗೆ ಸ್ವಲ್ಪ ಬೇಜಾರೇ ಆದ ಹಾಗಿತ್ತು.

ಪ್ರಾಗಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ಸೇತುವೆ ನೋಡಿದೆವು, ಕೋಟೆ ನೋಡಿದೆವು, ಕಾಲು ನೋವು. ಇಲ್ಲಿ ಲೆಕ್ಕ ಉಲ್ಟಾ. ಆಗ ಒಂದು ಕೊರುನಾ ಅಂದರೆ ಹತ್ತಿರ ನಾಲ್ಕು ರೂಪಾಯಿ. ಬುಡಾಪೆಸ್ಟಿನಲ್ಲಿ ನಾಲ್ಕರಿಂದ ಭಾಗಿಸಿ ಅಭ್ಯಾಸವಾಗಿದ್ದ ಭಾವ ಇಲ್ಲೂ ಭಾಗಿಸಿ, ಕರಿದ ಚೀಸ್ ಎರಡು ಪ್ಲೇಟು ಹೇಳಿ, ಬಿಲ್ ಬಂದಾಗ ಬೆವರಿದರು. ಅವತ್ತು ರಾತ್ರಿ ಅಮ್ಮ ಕಟ್ಟಿ ಕೊಟ್ಟಿದ್ದ ಹುರಿಹಿಟ್ಟು ಬಿಚ್ಚಿದೆವು.

ಕಚೇರಿ ನಡೆದದ್ದು ಊರ ಹೊರಗಿನ ಲೆಟ್ನಾನಿ ವಿಮಾನ ಮೈದಾನದಲ್ಲಿ. ಮೆಟ್ರೋ ಸಿ ಲೈನಿನ ಕೊನೇ ಸ್ಟಾಪು. ಮೇ ಕೊನೆಯಲ್ಲಿ ಅಲ್ಲಿ ಹೊತ್ತು ಮುಳುಗೋದು ರಾತ್ರಿ ಒಂಬತ್ತಕ್ಕೆ. ನಮ್ಮ ನಾಟಕ ಕತ್ತಲಲ್ಲಿ ಶುರುವಾಗಿ ಬೆಳಕಿಗೆ ಮುಗಿಯುತ್ತೆ. ಇಲ್ಲಿ ಬೆಳಕಲ್ಲಿ ಶುರುವಾಗಿ ಕತ್ತಲಿಗೆ ಮುಗಿಯಿತು. ಒಂದು ಹಾಡು ಹದಿಮೂರು ನಿಮಿಷದ್ದು, ಕೋಲ್ರಿಜ್ ಎಂಬ ಇಂಗ್ಲಿಷ್ ಕವಿಯ ಪದ್ಯದ ಮೇಲೆ ಕಟ್ಟಿದ್ದು. ಹಕ್ಕಿಯನ್ನು ಕೊಂದ ನಾವಿಕನ ಕಥೆ. ಅದರ ನಡುವೆ ಎಲ್ಲ ವಾದ್ಯವೂ ನಿಂತು ಬೇಸ್ ಮಾತ್ರ ಮೆಲ್ಲಗೆ ಮಿಡಿಯುವ ಜಾಗ ಒಂದಿದೆ. ಭಾವನ ಕಿವಿಯಲ್ಲಿ ಕಥೆ ಹೇಳುತ್ತಾ ಹೋದೆ. "ಹಕ್ಕಿ ಹೊಡೆದಿದ್ದಕ್ಕೆ ಹಡಗಿನೋರೆಲ್ಲ ಸತ್ರಾ? ಹರಿಕಥೆ ಇದ್ದಂಗಿದೆ ಕಣೋ" ಅಂದರು. ಮೂರನೇ ರಾತ್ರಿಗೆ ಅವರಿಗೂ ಕ್ರಮ ಬಾಯಿಪಾಠವಾಗಿತ್ತು. ತಂಡದ ಹಾಡುಗಾರ ಡಿಕಿನ್ಸನ್ ಕೆಂಪು ಕೋಟು ಹಾಕಿ ಬಾವುಟ ಹಿಡಿದು ಬರುವ ಮೊದಲೇ "ಈಗ ಕುದುರೆ ಹಾಡು" ಅಂತ ಪಕ್ಕದವನಿಗೆ ಕನ್ನಡದಲ್ಲೇ ಹೇಳಿದರು.

ಬ್ರಾಟಿಸ್ಲಾವಾ ಮರುದಿನವೇ. ನಾಲ್ಕು ಗಂಟೆ ರೈಲು, ನಿದ್ದೆಗಣ್ಣು. ಅದು ಐಸ್ ಹಾಕಿ ಆಡುವ ಅರೀನಾ. ಬಾಗಿಲು ತೆಗೆಯಲು ಇನ್ನೂ ಎಷ್ಟೋ ಗಂಟೆ ಇರುವಾಗಲೇ ಸರದಿಯಲ್ಲಿ ಕೂತೆವು. ಮುಂದೆ ಪೋಲೆಂಡಿನ ಒಬ್ಬ ಅಪ್ಪ, ಹದಿನೈದರ ಮಗಳು. ಇಬ್ಬರದ್ದೂ ಒಂದೇ ಟೀ ಶರ್ಟು, ಅಪ್ಪನದ್ದು ಮಾಸಿ ಬೂದಿ ಬಣ್ಣ. ಹಿಂದೆ ಸೆರ್ಬಿಯಾದ ಹುಡುಗ. ಭಾವ ನಿಪ್ಪಟ್ಟಿನ ಪೊಟ್ಟಣ ಬಿಚ್ಚಿ ಹಂಚಿ, ನನ್ನ ಕಡೆ ನೋಡಿದರು. ಕೇಳಿದೆ. ಸೆರ್ಬಿಯಾದವನು 'ಪಾರಾದಾಯ್ಜ್' ಅಂದ. ಭಾವ ನನಗೆ ಗೊತ್ತಿತ್ತು ಅನ್ನೋ ಹಾಗೆ ತಲೆ ಆಡಿಸಿದರು. ಪೋಲೆಂಡಿನ ಹುಡುಗಿ 'ಪೊಮಿದೋರ್' ಅಂದಳು. ಭಾವನಿಗೆ ಸಮಾಧಾನ ಆಗಲಿಲ್ಲ. "ಇನ್ನೊಂದ್ಸಲ ಕೇಳು" ಅಂದರು.

ಅವತ್ತು ಮುಂದಿನ ಕಂಬಿಗೆ ಎದೆ ಒತ್ತಿ ನಿಂತು ನೋಡಿದೆ. ಡಿಕಿನ್ಸನ್ ಹಣೆಯ ಬೆವರು ಕಂಡಿತು. ಡಾಸನ್ ಒಂದು ಹಾಡಿನ ಕೊನೆಗೆ ನಕ್ಕಿದ್ದು ಕಂಡಿತು. ಕೊನೆಗೆ ಕತ್ತಲ ಭಯದ ಹಾಡಿನಲ್ಲಿ ಗಿಟಾರಿನ ರಾಗವನ್ನು ಜನರೇ ಹಾಡುತ್ತಾರೆ, ಓ ಓ ಓ ಅಂತ, ಮಾತಿಲ್ಲ. ಅದಕ್ಕೆ ಭಾಷೆ ಬೇಕಿಲ್ಲ. ಪಕ್ಕದಲ್ಲಿ ಒಂದು ಒಡಕು ಗಂಟಲು ಎಲ್ಲರಿಗಿಂತ ಜೋರಾಗಿ ಕೇಳುತ್ತಿತ್ತು. ತಿರುಗಿ ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಡುತ್ತಾರೆ.

ವಿಯೆನ್ನಾದಿಂದ ವಿಮಾನ. ದೇವನಹಳ್ಳಿಯಲ್ಲಿ ಇಳಿದು ವಿಜಯಪುರ, ವೇಮಗಲ್ ದಾರಿಯಲ್ಲಿ ಊರು ಸೇರಿದಾಗ ಮಧ್ಯಾಹ್ನ. ಅಮ್ಮ ಮುದ್ದೆ ಉಪ್ಸಾರು ಬಡಿಸಿದರು. ಅಪ್ಪ ಪಕ್ಕದಲ್ಲಿ ಬಂದು ಕೂತರು.

"ಹೊಸಬ ಹೆಂಗೆ ಬಾರಿಸ್ದ?"

"ಚೆನ್ನಾಗಿ ಬಾರಿಸ್ದ ಅಪ್ಪ."

"ನಾಲ್ಕರಲ್ಲಿ ಯಾವ್ದು ಚೆನ್ನಾಗಿತ್ತು?"

"ಕೊನೇದು."

ಭಾವ ನಡುವೆ ಬಾಯಿ ಹಾಕಿದರು. "ಒಂದು ವಿಚಿತ್ರ ಮಾವ. ಮುಗೀತು ಅಂತ ಹೋಗಿಬಿಡ್ತಾರೆ. ಜನ ಕೂಗ್ತಾರೆ. ಮತ್ತೆ ಬಂದು ಹಾಡ್ತಾರೆ."

ಅಪ್ಪ ನಕ್ಕು ಎಲೆ ಅಡಿಕೆ ಚೀಲ ತೆಗೆದರು. "ಕ್ಯಾಲನೂರಲ್ಲಿ ಒಂದ್ಸಲ ಬೆಳಗಿನ ಜಾವ ದುರ್ಯೋಧನ ತೊಡೆ ಮುರ್ಕೊಂಡು ಬಿದ್ದ. ಅವನ ಕಡೆಯೋರೆಲ್ಲ ಒನ್ಸ್ ಮೋರ್, ಒನ್ಸ್ ಮೋರ್ ಅಂತ ಬಿಡಲೇ ಇಲ್ಲ. ಕೊನೆಗೆ ಎದ್ದು, ಕಿರೀಟ ಸರಿ ಮಾಡ್ಕೊಂಡು, ಆ ಪದ್ಯ ಇನ್ನೊಂದ್ಸಲ ಹಾಡಿ, ಮತ್ತೆ ಅದೇ ಜಾಗದಲ್ಲಿ ಬಿದ್ದ ನೋಡು."